ಟ್ಯೂಬ್ ಆಂಪಾ, ಮಾಡೆಲರಾ? ಮೊದಲು ಸ್ಪೀಕರ್ ಎಲ್ಲಿದೆ ನೋಡಿ

ನಮಸ್ಕಾರ. ಗಿಟಾರ್ ಕೈಗೆ ಒಗ್ಗಿ, ಸ್ವಲ್ಪ ದುಡ್ಡು ಕೂಡಿದ ಮೇಲೆ ಈ ಪ್ರಶ್ನೆ ಬಂದೇ ಬರತ್ತೆ: ವಾಲ್ವ್ ಮೇಲೆ ನಡೆಯೋ ಟ್ಯೂಬ್ ಆಂಪ್ ತಗೊಳ್ಳೋದಾ, ಆಂಪ್‌ಗಳ ದನಿಯನ್ನ ಸಾಫ್ಟ್‌ವೇರ್‌ನಲ್ಲಿ ಅನುಕರಿಸೋ ಡಿಜಿಟಲ್ ಮಾಡೆಲರ್ ತಗೊಳ್ಳೋದಾ? ವಾದವೆಲ್ಲ ಯಾವುದರ ಟೋನ್ ಚೆನ್ನ ಅನ್ನೋದರ ಮೇಲೇ ನಡೆಯತ್ತೆ. ನಾನು ಮೊದಲು ಕೇಳೋದು ಬೇರೆ. ನಿಮ್ಮ ಗಿಟಾರ್ ದನಿ ಕೊನೆಗೆ ಯಾವ ಸ್ಪೀಕರ್‌ನಿಂದ ಹೊರಗೆ ಬರತ್ತೆ? ಆ ಸ್ಪೀಕರ್‌ನ ವಾಲ್ಯೂಮ್ ಯಾರ ಕೈಯಲ್ಲಿದೆ? ಇದಕ್ಕೆ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಂಡರೆ, ಈ ವಿಡಿಯೋ ನೋಡ್ತಿರೋರಲ್ಲಿ ಹೆಚ್ಚಿನವರು ಮಾಡೆಲರ್ ತಗೋಬೇಕು ಅನ್ನೋದು ನನ್ನ ನಿಲುವು.

ಲೆಕ್ಕದಿಂದಲೇ ಶುರು ಮಾಡೋಣ. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಕಡಿಮೆ ವಾಟ್‌ಗೇ ಅಬ್ಬರಿಸತ್ತೆ. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರ್‌ಗೆ 1 ವಾಟ್ ಕೊಟ್ಟರೆ 1 ಮೀಟರ್ ದೂರದಲ್ಲಿ 98 ಡೆಸಿಬೆಲ್, ವಿಂಟೇಜ್ 30 ಆದರೆ 100. 5 ವಾಟ್ ಆದಾಗ ಅದಕ್ಕೆ 7 ಡೆಸಿಬೆಲ್ ಸೇರತ್ತೆ, 15 ವಾಟ್ ಆದಾಗ ಸುಮಾರು 12. ಅಂದರೆ ಮನೆಗೆ ಸಾಕು ಅಂತ ಮಾರೋ 5 ವಾಟ್‌ನ ಪುಟ್ಟ ಆಂಪ್ ಕೂಡ ಪೂರ್ತಿ ಏರಿಸಿದಾಗ 105ರ ಆಸುಪಾಸು. ನಮ್ಮ ದೇಶದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಇರೋ ಮಿತಿ ಹಗಲು 55, ರಾತ್ರಿ ಹತ್ತರ ಮೇಲೆ 45. ನಡುವೆ ಗೋಡೆ ಇದ್ದರೂ ಪಕ್ಕದ ಮನೆಯವರಿಗೆ ಕೇಳಿಸದೇ ಇರಲ್ಲ. ಇನ್ನು 100 ವಾಟ್ ಬದಲು 50 ವಾಟ್ ತಗೊಂಡರೆ ಕಡಿಮೆಯಾಗೋದು ಬರೀ 3 ಡೆಸಿಬೆಲ್. ಅಲ್ಲಿ ಪರಿಹಾರ ಹುಡುಕಬೇಡಿ.

ವಾಲ್ಯೂಮ್ ಬಗ್ಗೆ ಇಷ್ಟು ಯಾಕೆ ಹೇಳ್ತಿದ್ದೀನಿ ಅಂದರೆ, ಟ್ಯೂಬ್ ಆಂಪ್‌ನ ಸೊಗಸೆಲ್ಲ ಇರೋದು ಅಲ್ಲೇ. ಗಿಟಾರ್‌ನ ಸಣ್ಣ ಸಿಗ್ನಲ್ಲನ್ನ ಮೊದಲು ಏರಿಸೋ ಪ್ರೀಆಂಪ್‌ನಲ್ಲಿ 12ಎಎಕ್ಸ್7 ಟ್ಯೂಬ್‌ಗಳು. ಸ್ಪೀಕರನ್ನ ನಡೆಸೋ ಪವರ್ ಭಾಗದಲ್ಲಿ ಇಎಲ್34, 6ಎಲ್6, 6ವಿ6, ಇಎಲ್84 ಇವುಗಳಲ್ಲಿ ಯಾವುದಾದರೂ ಒಂದು ಜೋಡಿ. ವಾಲ್ಯೂಮ್ ಏರಿದ ಹಾಗೆ ಪವರ್ ಟ್ಯೂಬ್‌ಗಳು ಮಿತಿ ಮುಟ್ಟಿ ದನಿ ಒಡೆದು (ಇದೇ ಡಿಸ್ಟಾರ್ಷನ್) ದಪ್ಪ ಆಗತ್ತೆ. ಜೋರಾಗಿ ಬಾರಿಸಿದ ಕ್ಷಣ ಪವರ್ ಸಪ್ಲೈ ವೋಲ್ಟೇಜ್ ಕುಸಿದು ಮತ್ತೆ ಏರತ್ತೆ. ಇದಕ್ಕೆ ಸ್ಯಾಗ್ ಅಂತಾರೆ. 5ವೈ3 ಥರದ ಟ್ಯೂಬ್ ರೆಕ್ಟಿಫೈಯರ್ (ಎಸಿಯನ್ನ ಡಿಸಿ ಮಾಡೋ ಟ್ಯೂಬ್) ಇರೋ ಆಂಪ್‌ನಲ್ಲಿ ಬೆರಳಿಗೇ ಗೊತ್ತಾಗತ್ತೆ. ಗಿಟಾರ್‌ನ ವಾಲ್ಯೂಮ್ ನಾಬ್ 10ರಿಂದ 6ಕ್ಕೆ ಇಳಿಸಿದರೆ ಸಾಕು, ಡಿಸ್ಟಾರ್ಷನ್ ಕರಗಿ ತಿಳಿಯಾಗತ್ತೆ. ಸ್ಪೀಕರ್ ಕಡೆ ತಿರುಗಿ ನಿಂತರೆ ಹಿಡಿದ ಸ್ವರ ಫೀಡ್‌ಬ್ಯಾಕ್ ಆಗಿ ಎಷ್ಟು ಹೊತ್ತು ಬೇಕಾದರೂ ನಿಲ್ಲತ್ತೆ. ಅದು ನಿಜವಾಗಲೂ ಅದ್ಭುತವಾದ ಅನುಭವ, ಅದನ್ನ ಕಡಿಮೆ ಮಾಡಿ ಹೇಳೋಕೆ ನನಗೆ ಮನಸ್ಸಿಲ್ಲ. ಆದರೆ ಮಾಸ್ಟರ್ ವಾಲ್ಯೂಮ್ ಒಂದರಲ್ಲಿಟ್ಟು ಬಾರಿಸೋರಿಗೆ ಇದರಲ್ಲಿ ಯಾವುದೂ ಸಿಗಲ್ಲ. ಸಿಗೋದು ಪ್ರೀಆಂಪ್‌ನ ಒಣ ಡಿಸ್ಟಾರ್ಷನ್ ಮಾತ್ರ. (ಹೈ ಗೇನ್ ಮೆಟಲ್ ಬಾರಿಸೋರಿಗೆ ನಷ್ಟ ಸ್ವಲ್ಪ ಕಡಿಮೆ, ಯಾಕಂದರೆ ಅವರ ಡಿಸ್ಟಾರ್ಷನ್ ಬಹುಪಾಲು ಹುಟ್ಟೋದೇ ಪ್ರೀಆಂಪ್‌ನಲ್ಲಿ.) ಆಂಪ್‌ಗೂ ಸ್ಪೀಕರ್‌ಗೂ ನಡುವೆ ಅಟೆನ್ಯುಯೇಟರ್ ಹಾಕಬಹುದು. ಸದ್ದು ಇಳಿಯತ್ತೆ, ಆದರೆ ಟ್ಯೂಬ್ ಪೂರ್ತಿ ದುಡಿದು ಸವೆಯೋದು ನಿಲ್ಲಲ್ಲ.

ಎರಡನೇ ವಿಷಯ ಕರೆಂಟು. ಟ್ಯೂಬ್‌ನ ಹೀಟರ್‌ಗೆ ಬೇಕಾಗಿರೋದು 6.3 ವೋಲ್ಟ್. ಹಳೇ ವಾಲ್ವ್ ರೇಡಿಯೋ ಹಾಕಿದ ತಕ್ಷಣ ಆಕಾಶವಾಣಿ ಕೇಳ್ತಿರಲಿಲ್ಲ, ಬಿಸಿಯಾಗೋಕೆ ಕಾಯಬೇಕಿತ್ತಲ್ಲ, ಅದೇ ಹೀಟರ್. ಸಾಮಾನ್ಯ ಟ್ಯೂಬ್ ಆಂಪ್‌ನಲ್ಲಿ ಈ ವೋಲ್ಟೇಜನ್ನ ಸ್ಥಿರವಾಗಿ ಇಡೋ ಸರ್ಕ್ಯೂಟ್ ಇರಲ್ಲ. ಲೈನ್ 230ರಿಂದ 200ಕ್ಕೆ ಇಳಿದರೆ ಹೀಟರ್ 5.5ಕ್ಕೆ ಇಳಿಯತ್ತೆ, ದನಿ ಬಸವಳಿಯತ್ತೆ. 250ಕ್ಕೆ ಏರಿದರೆ 450 ವೋಲ್ಟ್ ಇರಬೇಕಾದ ಪ್ಲೇಟ್ (ಟ್ಯೂಬ್ ಒಳಗಿನ ಲೋಹದ ಹಾಳೆ) 490ರ ಹತ್ತಿರ ಹೋಗತ್ತೆ, ಟ್ಯೂಬ್ ಬೇಗ ಸವೆಯತ್ತೆ. ಗಣೇಶೋತ್ಸವ, ರಾಜ್ಯೋತ್ಸವದ ಆರ್ಕೆಸ್ಟ್ರಾ ವೇದಿಕೆಯಲ್ಲಿ ಜನರೇಟರ್ ಮೇಲೆ ಬಾರಿಸೋರಿಗೆ ಇದು ದೊಡ್ಡ ವಿಷಯ. ಈಗಿನ ಮಾಡೆಲರ್‌ಗಳಲ್ಲಿ ಹೆಚ್ಚಿನವು 100ರಿಂದ 240 ವೋಲ್ಟ್‌ವರೆಗೆ ಏನು ಕೊಟ್ಟರೂ ಒಂದೇ ಥರ ನಡೆಯತ್ತವೆ. ಅಮೆರಿಕದಿಂದ ನೆಂಟರು ತಂದುಕೊಟ್ಟ ಟ್ಯೂಬ್ ಆಂಪ್ ಇದ್ದರೆ ಹಿಂಬದಿ ಓದಿ. 120 ವೋಲ್ಟ್ ಅಂತಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು. 60 ಹರ್ಟ್ಜ್‌ಗೆ ಮಾತ್ರ ಅಂತಿದ್ದರೆ ನಮ್ಮ 50 ಹರ್ಟ್ಜ್‌ನಲ್ಲಿ ಅದರ ಒಳಗಿನ ಟ್ರಾನ್ಸ್‌ಫಾರ್ಮರ್ ಹೆಚ್ಚು ಬಿಸಿಯಾಗತ್ತೆ.

ರಿಪೇರಿ ಕೂಡ ಯೋಚಿಸಿ. ಪವರ್ ಟ್ಯೂಬ್ ಬದಲಿಸಿದರೆ ಫಿಕ್ಸ್ಡ್ ಬಯಾಸ್ ಆಂಪ್‌ನಲ್ಲಿ ಬಯಾಸ್ (ಬಾರಿಸದೇ ಇದ್ದಾಗ ಟ್ಯೂಬ್‌ನಲ್ಲಿ ಹರಿಯೋ ಕರೆಂಟಿನ ಮಟ್ಟ) ಹೊಂದಿಸಲೇಬೇಕು. ಇಎಲ್34ರ ಪ್ಲೇಟ್ ಮಿತಿ 25 ವಾಟ್. ಸಾಮಾನ್ಯವಾಗಿ ಬಯಾಸನ್ನ ಅದರ ಶೇಕಡಾ 70ರೊಳಗೆ ಇಡ್ತಾರೆ, ಅಂದರೆ 17.5. ಪ್ಲೇಟ್ 450 ವೋಲ್ಟ್ ಇದ್ದರೆ ಒಂದೊಂದು ಟ್ಯೂಬ್‌ಗೆ 39 ಮಿಲಿಆಂಪ್ ದಾಟಬಾರದು. ಇದನ್ನ ಅಳೆಯೋ ಕೆಲಸ ಗೊತ್ತಿರೋರಿಗೇ ಬಿಡಿ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್‌ಗಳಲ್ಲಿ ಪ್ರಾಣ ತೆಗೆಯೋಷ್ಟು ವೋಲ್ಟೇಜ್ ಉಳಿದಿರಬಹುದು. ಸ್ಪೀಕರ್ ವೈರ್ ಹಾಕದೆ ಟ್ಯೂಬ್ ಆಂಪ್ ಬಾರಿಸಲೇಬಾರದು, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗತ್ತೆ. ಟ್ಯೂಬ್ ತಯಾರಾಗೋದೂ ಬೆರಳೆಣಿಕೆಯ ಕಡೆ: ಸ್ಲೊವಾಕಿಯಾ, ರಷ್ಯಾ, ಚೀನಾ. 2022ರಲ್ಲಿ ರಷ್ಯಾದ ರಫ್ತಿಗೆ ತಡೆ ಬಿದ್ದಾಗ ಎಲ್ಲ ಕಡೆ ಬೆಲೆ ಏರಿತು.

ಮಾಡೆಲರ್ ಕಡೆ ಬನ್ನಿ. ನಮ್ಮ ಕಡೆ ಇದನ್ನೂ ಪ್ರೊಸೆಸರ್ ಅಂತಲೇ ಕರೀತಾರೆ. 1998ರ ಲೈನ್ 6 ಪಾಡ್‌ನಿಂದ 2011ರ ಕೆಂಪರ್, 2015ರ ಹೀಲಿಕ್ಸ್ ಮಾಡೆಲರ್‌ಗಳವರೆಗೆ ಬಂದು, ಈಗ ನ್ಯೂರಲ್ ಆಂಪ್ ಮಾಡೆಲರ್ ಅನ್ನೋ ಸಾಫ್ಟ್‌ವೇರ್ ಉಚಿತವಾಗೇ ಸಿಗತ್ತೆ. ರೆಕಾರ್ಡ್ ಮಾಡಿದ ಟ್ರ್ಯಾಕ್ ಕೇಳಿ ಇದು ಟ್ಯೂಬು, ಇದು ಮಾಡೆಲರ್ ಅಂತ ಹೇಳೋದು ಈಗ ಬಹಳ ಕಷ್ಟ. ಹಾಗಿದ್ದೂ ಎಷ್ಟೋ ಜನ ಜೀರುಂಡೆ ಕೂಗಿದ ಹಾಗಿದೆ ಅಂತ ಬೇಸರಪಡ್ತಾರೆ. ಹೆಚ್ಚಿನ ಸಲ ಕಾರಣ ಕ್ಯಾಬ್ ಸಿಮ್ಯುಲೇಶನ್, ಅಂದರೆ ಗಿಟಾರ್ ಸ್ಪೀಕರ್ ಪೆಟ್ಟಿಗೆಯ ದನಿಯನ್ನ ಅನುಕರಿಸೋ ಐಆರ್ (ಇಂಪಲ್ಸ್ ರೆಸ್ಪಾನ್ಸ್). ಗಿಟಾರ್ ಸ್ಪೀಕರ್ 5 ಕಿಲೋಹರ್ಟ್ಜ್ ಮೇಲಿನ ದನಿಯನ್ನ ತಾನೇ ಕತ್ತರಿಸತ್ತೆ; ಸಭೆಗೆ ಕೇಳಿಸೋ ಪಿಎ ಸ್ಪೀಕರ್, ಹೆಡ್‌ಫೋನ್ ಕತ್ತರಿಸಲ್ಲ. ಮಿಕ್ಸರ್‌ಗೆ ಹೋಗ್ತಿದ್ದರೆ ಐಆರ್ ಆನ್ ಇರಬೇಕು. ಗಿಟಾರ್ ಕ್ಯಾಬಿನೆಟ್‌ಗೆ ಹೋಗ್ತಿದ್ದರೆ ಆಫ್. ಇಲ್ಲದಿದ್ದರೆ ಎರಡೆರಡು ಸಲ ಕತ್ತರಿಸಿ ಗುಡಾಣದೊಳಗಿಂದ ಬಂದ ಹಾಗೆ ಕೇಳತ್ತೆ. ಐಆರ್ ಆನ್ ಇದ್ದೂ ಚುಚ್ಚಿದರೆ ಹೈ ಕಟ್ 6ರಿಂದ 7 ಕಿಲೋಹರ್ಟ್ಜ್‌ಗೆ, ಲೋ ಕಟ್ 80ರಿಂದ 100 ಹರ್ಟ್ಜ್‌ಗೆ ಇಡಿ.

ಇನ್ನೊಂದು ತಪ್ಪು, ರಾತ್ರಿ ಹೆಡ್‌ಫೋನ್‌ನಲ್ಲಿ ಪ್ಯಾಚ್ (ಮಾಡೆಲರ್‌ನಲ್ಲಿ ಉಳಿಸಿಡೋ ಸೆಟ್ಟಿಂಗ್) ಮಾಡಿ ಮಾರನೇ ದಿನ ನೇರ ವೇದಿಕೆಗೆ ಒಯ್ಯೋದು. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿಗೆ ಬೇಸ್, ಟ್ರೆಬಲ್ ಕಡಿಮೆ ಕೇಳಿಸತ್ತೆ. ಫ್ಲೆಚರ್ ಮತ್ತು ಮನ್ಸನ್ ಅನ್ನೋ ವಿಜ್ಞಾನಿಗಳು 1933ರಲ್ಲೇ ಅಳೆದು ತೋರಿಸಿದ ವಿಷಯ. ಹಾಗಾಗಿ ನೀವು ಅವೆರಡನ್ನ ಏರಿಸ್ತೀರಿ. ವೇದಿಕೆಯ ವಾಲ್ಯೂಮ್‌ನಲ್ಲಿ ಅದೇ ಪ್ಯಾಚ್ ಗುಮ್ಮೆನ್ನತ್ತೆ, ಚುಚ್ಚತ್ತೆ, ಮಿಡ್ ಇಲ್ಲದೆ ಗಿಟಾರ್ ಡ್ರಮ್ಸ್ ಅಡಿಗೆ ಹೂತುಹೋಗತ್ತೆ. ಪ್ಯಾಚನ್ನ 85-90 ಡೆಸಿಬೆಲ್‌ನಲ್ಲಿ, ಸಾಧ್ಯವಾದರೆ ಬ್ಯಾಂಡ್ ಜೊತೆಗೇ ಹೊಂದಿಸಿ. ಲೇಟೆನ್ಸಿ (ಬಾರಿಸಿದ್ದು ಕೇಳಿಸೋಕೆ ಆಗೋ ತಡ) ಬಗ್ಗೆ ಅನಗತ್ಯ ಭಯ ಬೇಡ: ಒಂದು ಮಿಲಿಸೆಕೆಂಡ್‌ನಲ್ಲಿ ಶಬ್ದ 34 ಸೆಂಟಿಮೀಟರ್ ಸಾಗತ್ತೆ, ಆದ್ದರಿಂದ 3 ಮಿಲಿಸೆಕೆಂಡ್ ಅಂದರೆ ಆಂಪ್‌ನಿಂದ ಒಂದು ಮೀಟರ್ ದೂರ ನಿಂತಷ್ಟೇ. ಆದರೆ ಡಿಜಿಟಲ್ ವೈರ್‌ಲೆಸ್, ಮಾಡೆಲರ್, ಡಿಜಿಟಲ್ ಮಿಕ್ಸರ್ ಎಲ್ಲ ಸೇರಿ 10 ದಾಟಿದರೆ ಕೈಗೆ ಭಾರ ಅನ್ನಿಸೋಕೆ ಶುರುವಾಗತ್ತೆ. ಮಿಕ್ಸರ್‌ಗೆ ಎಕ್ಸ್‌ಎಲ್‌ಆರ್ ಕೇಬಲ್ ಹಾಕಿದಾಗ ಹಮ್ ಬಂದರೆ ಮಾಡೆಲರ್‌ನ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿ. ಪ್ಲಗ್‌ನ ಅರ್ತ್ ಪಿನ್ ಮಾತ್ರ ಯಾವತ್ತೂ ತೆಗೀಬೇಡಿ.

ಹಾಗಾಗಿ ಮನೆ, ರೆಕಾರ್ಡಿಂಗ್, ಮಿಕ್ಸರ್‌ಗೆ ನೇರ ಹೋಗೋ ವೇದಿಕೆ, ಇಯರ್ ಮಾನಿಟರ್: ಇಲ್ಲೆಲ್ಲ ಕಣ್ಣುಮುಚ್ಚಿ ಮಾಡೆಲರ್. ಮುಂದೆ ಸ್ಪೀಕರ್ ಇದ್ದು ಗಾಳಿ ಅದುರಬೇಕು ಅನ್ನೋರಿಗೆ ನಡುವಿನ ದಾರಿಯೂ ಇದೆ. 2019ರಲ್ಲಿ ಬಂದ ಫೆಂಡರ್ ಟೋನ್ ಮಾಸ್ಟರ್ ಡಿಲಕ್ಸ್ ರಿವರ್ಬ್‌ನಲ್ಲಿ ಒಳಗೆಲ್ಲ ಡಿಜಿಟಲ್, ಸ್ಪೀಕರ್ ಮಾತ್ರ ನಿಜವಾದ ಗಿಟಾರ್ ಸ್ಪೀಕರ್. ಟ್ಯೂಬ್ ಡಿಲಕ್ಸ್ ಸುಮಾರು 19 ಕೆಜಿ, ಇದು ಹತ್ತೂವರೆ ಕೆಜಿ.

ಟ್ಯೂಬ್ ಆಂಪ್ ತಗೊಳ್ಳಬೇಕಾದವರು ಯಾರು ಅಂದರೆ, ವಾರಕ್ಕೆರಡು ಸಲವಾದರೂ ಅದನ್ನ ಏರಿಸಿ ಬಾರಿಸೋಕೆ ಜಾಗ ಇರೋರು, ಊರಲ್ಲಿ ಬಯಾಸ್ ಮಾಡಬಲ್ಲ ಮೆಕ್ಯಾನಿಕ್ ಇರೋರು. ಸೆಕೆಂಡ್ ಹ್ಯಾಂಡ್ ನೋಡೋಕೆ ಹೋದರೆ ಆಂಪ್ ಅರ್ಧ ಗಂಟೆ ಬಿಸಿಯಾದ ಮೇಲೆ ಬಾರಿಸಿ ನೋಡಿ, ಎಷ್ಟೋ ದೋಷ ತಣ್ಣಗಿದ್ದಾಗ ಕಾಣಲ್ಲ. ಪೆನ್ಸಿಲ್‌ನ ಮರದ ತುದಿಯಿಂದ ಪ್ರೀಆಂಪ್ ಟ್ಯೂಬ್‌ಗಳನ್ನ ಮೆಲ್ಲಗೆ ತಟ್ಟಿ; ಸ್ಪೀಕರ್‌ನಲ್ಲಿ ಗಂಟೆ ಹೊಡೆದ ಹಾಗೆ ಕೇಳಿದರೆ ಆ ಟ್ಯೂಬ್ ಮೈಕ್ರೋಫೋನಿಕ್, ಬದಲಿಸಿದರೆ ಸರಿಹೋಗತ್ತೆ. ಕೋಣೆಯ ದೀಪ ಆರಿಸಿ ಹಿಂದಿನಿಂದ ಪವರ್ ಟ್ಯೂಬ್ ನೋಡಿ. ಒಳಗಿನ ಹೀಟರ್ ಕಿತ್ತಳೆ ಬಣ್ಣದಲ್ಲಿ ಹೊಳೆಯೋದು ಸಹಜ. ಹೊರಗಿನ ಬೂದು ಪ್ಲೇಟೇ ಕೆಂಪಗಾಗ್ತಿದ್ದರೆ ತಕ್ಷಣ ಸ್ವಿಚ್ ಆಫ್ ಮಾಡಿ. ಬಯಾಸ್ ತೋರಿಸಿ ಕಾರಣ ಗೊತ್ತಾಗೋವರೆಗೆ ಬೆಲೆ ಮಾತಾಡಬೇಡಿ.