ಎರಕದೊಳಗಿನ ಥರ್ಮಾಕೋಲ್ ಎಲ್ಲಿ ಹೋಗುತ್ತದೆ?

(ತೆರೆಯ ಮೇಲೆ: ಮರಳು ತುಂಬಿದ ಪೆಟ್ಟಿಗೆ. ಕರಗಿದ ಅಲ್ಯೂಮಿನಿಯಂ ಒಳಗಿಳಿಯುತ್ತಿದೆ. ಮೇಲೆ ಕಪ್ಪು ಹೊಗೆ.)

ನಮಸ್ಕಾರ. ಈ ಅಚ್ಚು ಖಾಲಿ ಇಲ್ಲ. ಒಳಗೆ ಥರ್ಮಾಕೋಲಿನ ಮಾದರಿ ಹಾಗೇ ಕೂತಿದೆ, ಲೋಹವನ್ನು ಅದರ ಮೇಲೇ ಹೊಯ್ಯುತ್ತಿದ್ದಾರೆ. ಇದು ಲಾಸ್ಟ್ ಫೋಮ್ ಎರಕ, ಫೋಮ್ ಅಂದರೆ ಈ ಥರ್ಮಾಕೋಲೇ. ಇದರ ಮೂಲ ಪೇಟೆಂಟ್ 1958ರಲ್ಲಿ ಅಮೆರಿಕದ ಹೆರಾಲ್ಡ್ ಶ್ರೋಯರ್ ಅವರಿಗೆ ಸಿಕ್ಕಿತು.

'ಫೋಮ್ ಆವಿಯಾಗುತ್ತದೆ, ಆ ಜಾಗಕ್ಕೆ ಲೋಹ ಬರುತ್ತದೆ' ಅಂತ ಕೇಳಿರುತ್ತೀರಿ. ಕಬ್ಬಿಣದ ಮಟ್ಟಿಗೆ ಸರಿ, ಅದನ್ನು ಹೊಯ್ಯುವುದು ಸುಮಾರು 1400 ಡಿಗ್ರಿಯಲ್ಲಿ. ಅಲ್ಯೂಮಿನಿಯಂ ಬರುವುದು 750ರ ಆಸುಪಾಸಿನಲ್ಲಿ. ಅಷ್ಟು ಬಿಸಿಗೆ ಪಾಲಿಸ್ಟೈರೀನ್, ಅಂದರೆ ಥರ್ಮಾಕೋಲಿನ ಪ್ಲಾಸ್ಟಿಕ್, ಪೂರ್ತಿ ಅನಿಲವಾಗುವುದಿಲ್ಲ. 100 ಡಿಗ್ರಿ ದಾಟಿದರೆ ಮೆತ್ತಗಾಗಿ ಕುಸಿಯುತ್ತದೆ, ಆಮೇಲೆ ಅಂಟಂಟು ದ್ರವವಾಗುತ್ತದೆ. ತೊಂದರೆಯೆಲ್ಲ ಶುರುವಾಗುವುದು ಈ ಅಂಟಿನಿಂದ.

(ಹತ್ತಿರದಿಂದ: ಮಾದರಿಯ ಮೇಲಿನ ಲೇಪ.)

ಮಾದರಿಗೆ ಮೊದಲೇ ಬಳಿದು ಒಣಗಿಸಿದ ಲೇಪ ಇದು. ಬ್ಲಾಟಿಂಗ್ ಪೇಪರ್ ಶಾಯಿ ಹೀರುವ ಹಾಗೆ ಅಂಟನ್ನು ಹೀರಬೇಕು, ಅನಿಲವನ್ನು ಮರಳಿಗೆ ಬಿಡಬೇಕು, ಲೋಹವನ್ನು ಮಾತ್ರ ತಡೆಯಬೇಕು. ಪಾಪ, ಒಂದು ತೆಳು ಪದರಕ್ಕೆ ಇಷ್ಟೊಂದು ಕೆಲಸ!

(ಹತ್ತಿರದಿಂದ: ಎರಕದ ಮೇಲೆ ಕೂದಲೆಳೆಯಂಥ ಗೆರೆ.)

ನೋಡಿ, ಸುಮ್ನೆ ಒಂದು ಗೀರು ಅನ್ನಿಸುತ್ತದೆ ಅಲ್ವಾ? ಇದು ಫೋಲ್ಡ್. ಎರಡು ಕಡೆಯಿಂದ ಬಂದ ಲೋಹ ಇಲ್ಲಿ ಮುಖಾಮುಖಿಯಾಗಿದೆ. ಆದರೆ ನಡುವೆ ಫೋಮಿನ ಇಂಗಾಲ, ಅಲ್ಯೂಮಿನಿಯಂನ ಆಕ್ಸೈಡ್ ಪೊರೆ ಸಿಕ್ಕಿಬಿದ್ದಿವೆ. ಎರಡೂ ಒಂದಾಗಲೇ ಇಲ್ಲ. ಮುರಿದು ನೋಡಿದರೆ ಒಳಮೈ ಕಪ್ಪಗೆ, ನುಣ್ಣಗೆ ಇರುತ್ತದೆ. ಹೊರಗಿನಿಂದ ಚೆನ್ನಾಗಿದ್ದ ಎಂಜಿನ್ನಿನ ಸಿಲಿಂಡರ್ ಹೆಡ್ ಒತ್ತಡದ ಪರೀಕ್ಷೆಯಲ್ಲಿ ಸೋರಿದರೆ, ಮೊದಲ ಅನುಮಾನ ಇದರ ಮೇಲೇ.

ಲೋಹವನ್ನು ಇನ್ನೂ ಜಾಸ್ತಿ ಬಿಸಿ ಮಾಡಿದರೆ? ಫೋಲ್ಡ್ ಕಡಿಮೆಯಾಗುತ್ತದೆ, ನಿಜ. ಆದರೆ ಬಿಸಿ ಅಲ್ಯೂಮಿನಿಯಂ ಹೈಡ್ರೋಜನ್ ಜಾಸ್ತಿ ಕುಡಿಯುತ್ತದೆ, ಗಟ್ಟಿಯಾಗುವಾಗ ಅದನ್ನು ಸಣ್ಣ ಸಣ್ಣ ತೂತುಗಳಾಗಿ ಬಿಡುತ್ತದೆ.

ಲೇಪದ ರಂಧ್ರ ದೊಡ್ಡದು ಮಾಡಿದರೆ? ಲೋಹ ಬೇಗ ಓಡುತ್ತದೆ. ಅತಿಯಾದರೆ ಅಂಚಿನಲ್ಲೇ ಮುಂದೆ ನುಗ್ಗಿ, ಕರಗದ ಫೋಮಿನ ತುಂಡನ್ನು ಸುತ್ತುವರಿಯುತ್ತದೆ. ಒಳಗೆ ಸಿಕ್ಕ ತುಂಡು ಆಮೇಲೆ ಆವಿಯಾಗಿ ಗುಳ್ಳೆ ಎಬ್ಬಿಸುತ್ತದೆ.

ನನ್ನ ಕೇಳಿದರೆ ಫೋಮಿನಿಂದಲೇ ಶುರು ಮಾಡುವುದು ವಾಸಿ. ಮಾದರಿಯ ಸಾಂದ್ರತೆ ಘನ ಮೀಟರಿಗೆ ಹೆಚ್ಚು ಕಡಿಮೆ 20 ಕಿಲೋ. ಅದು ಇಳಿದಷ್ಟೂ ಉಳಿಯುವ ಅಂಟು ಕಡಿಮೆ. ತೀರಾ ಇಳಿಸಿದರೆ ಮಾತ್ರ ಮಾದರಿ ಕೈಯಲ್ಲೇ ಬಾಗುತ್ತದೆ. ಥರ್ಮಾಕೋಲಿನ ಕಾಳುಗಳು ಒಂದಕ್ಕೊಂದು ಸರಿಯಾಗಿ ಅಂಟದಿದ್ದರೆ ಅವುಗಳ ಗುರುತು ಎರಕದ ಮೈಮೇಲೂ ಹಾಗೇ ಮೂಡುತ್ತದೆ. ಇಲ್ಲಿ ನೋಡಿ, ಎಣಿಸಬಹುದು.