ಕೈ ತೊಳೆಯುವ ಜಾಗದ ಪಕ್ಕದ ಟೇಬಲ್

ಎಲ್ಲರಿಗೂ ನಮಸ್ಕಾರ. ನಮ್ಮ ಸಂಗ್ರಹಕಾರರ ಸಮಾವೇಶದಲ್ಲಿ ಊಟಕ್ಕೆ ಮುಂಚಿನ ಭಾಷಣ ನನ್ನದು. ನಿಮ್ಮ ಅರ್ಧ ಜೀವ ಆಗಲೇ ಸಾರಿನ ವಾಸನೆ ಹಿಂದೆ ಹೋಗಿದೆ ಅಂತ ಗೊತ್ತು. ನನ್ನ ಟೇಬಲನ್ನೂ ಅಲ್ಲೇ, ಕೈ ತೊಳೆಯುವ ಜಾಗದ ಪಕ್ಕ ಹಾಕಿದ್ದಾರೆ. ನಾಣ್ಯದವರು ವೇದಿಕೆ ಎದುರಿಗೆ, ಸ್ಟಾಂಪಿನವರು ಫ್ಯಾನ್ ಕೆಳಗೆ. ಬೇಜಾರೇನಿಲ್ಲ. ಆದರೆ ಬೆಳಿಗ್ಗೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ: "ಸಾರ್, ಕಾರ್ಕ್ ಸ್ಕ್ರೂ, ಬಾಟಲಿ ಬಿರಡೆ, ಇವೂ ಒಂದು ಸಂಗ್ರಹವಾ?"

ಹೌದು ಸ್ವಾಮಿ. ನಿಮ್ಮ ಬಂಗಾರದ ಇಕ್ಕೇರಿ ವರಹದ ಮಾತು ಬಿಡಿ. ತೂತಿನ ಕಾಸು ತಗೊಂಡು ಗಾಂಧಿ ಬಜಾರಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ಕೇಳಿ ನೋಡೋಣ. ನನ್ನ ಟೇಬಲ್ ಮೇಲಿರುವ ಕಾರ್ಕ್ ಸ್ಕ್ರೂ ತಿರುಪು ಇವತ್ತೂ ಬಿರಡೆ ಕೀಳುತ್ತದೆ. ನನ್ನ ವಾದ ಇಷ್ಟೇ: ವಸ್ತು ಕೆಲಸ ಮಾಡಬೇಕು. ಆಕಾರ ಎಷ್ಟೇ ತಮಾಷೆಯದಾಗಿರಲಿ, ಕೆಲಸ ಮಾಡದಿದ್ದರೆ ಅದು ಬರೀ ಗೊಂಬೆ.

ಇನ್ನೊಂದು ಮಾತು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಪಿಸುಪಿಸು ಬೇಡ. ನಾನು ಕುಡಿಯುವವನಲ್ಲ. ನಮ್ಮ ಮನೆಯಲ್ಲಿ ಕಾರ್ಕ್ ಹಾಕಿದ ಬಾಟಲಿ ಅಂದರೆ ಜೇನುತುಪ್ಪದ್ದು.

ಈ ತಿರುಪು ಬಂದದ್ದು ಕೋವಿಯಿಂದ. ಮಲೆನಾಡಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ನಳಿಗೆಯ ಬಾಯಿಂದ ಮದ್ದು, ನಾರು ತುಂಬಿ ಗಜ ಅನ್ನುವ ಕೋಲಿನಲ್ಲಿ ಜಡಿಯುವ ಕೋವಿ ಗೊತ್ತಲ್ಲ, ಅದರಲ್ಲಿ ಹಾರದೆ ಉಳಿದ ಮದ್ದನ್ನು, ಸಿಕ್ಕಿಕೊಂಡ ನಾರನ್ನು ಎಳೆಯಲು ಗಜದ ತುದಿಗೆ ಒಂದು ಉಕ್ಕಿನ ಸುರುಳಿ ಹಾಕುತ್ತಿದ್ದರು. 17ನೇ ಶತಮಾನದ ಇಂಗ್ಲೆಂಡಿನಲ್ಲಿ ಅದೇ ಸುರುಳಿಯನ್ನು ಬಾಟಲಿಗೆ ಹಾಕಿ ಎಳೆದರು. ಅದಕ್ಕೆ ಮೊದಲ ಪೇಟೆಂಟ್ ಪಡೆದವನು ಯಾರು ಗೊತ್ತಾ? ಸ್ಯಾಮ್ಯುಯೆಲ್ ಹೆನ್‌ಶಾಲ್ ಅಂತ ಒಬ್ಬ ಪಾದ್ರಿ, 1795ರಲ್ಲಿ. ಅವನು ಮಾಡಿದ್ದು ಸಣ್ಣ ಕೆಲಸ, ಆದರೆ ಜಾಣ ಕೆಲಸ. ತಿರುಪಿನ ಮೇಲ್ತುದಿಗೆ ಒಂದು ಬಿಲ್ಲೆ ಕೂರಿಸಿದ. ತಿರುಪು ಪೂರ್ತಿ ಇಳಿದ ಮೇಲೆ ಬಿಲ್ಲೆ ಬಿರಡೆಯ ತಲೆಗೆ ಒತ್ತಿ ನಿಲ್ಲುತ್ತದೆ. ಇನ್ನೂ ತಿರುಗಿಸಿದರೆ ಬಿರಡೆಯೇ ತಿರುಗಿ, ಗಾಜಿಗೆ ಅಂಟಿದ್ದು ಬಿಡುತ್ತದೆ. ಆಮೇಲೆ ಎಳೆದರೆ ಬಂತು.

ಕೊಳ್ಳುವಾಗ ಏನು ನೋಡಬೇಕು ಅಂತ ಹುಡುಗರು ಕೇಳುತ್ತಾರೆ. ಜೇಬಿನಲ್ಲಿ ಒಂದು ಬೆಂಕಿಕಡ್ಡಿ ಇಟ್ಟುಕೊಳ್ಳಿ. ಸುರುಳಿಯ ನಡುವೆ ಕಡ್ಡಿ ಸಲೀಸಾಗಿ ತೂರಿದರೆ ಒಳ್ಳೆಯ ತಿರುಪು, ಅದು ಬಿರಡೆಯನ್ನು ಹಿಡಿದು ಎಳೆಯುತ್ತದೆ. ನಡುವೆ ಗಟ್ಟಿ ಕಂಬ ಇದ್ದು ಅಂಚು ಮಾತ್ರ ಸುತ್ತಿದ್ದರೆ, ಹಳೆಯ ಬಿರಡೆಯನ್ನು ಬೈರಿಗೆ ಹಾಕಿದ ಹಾಗೆ ಕೊರೆದು ಪುಡಿ ಮಾಡುತ್ತದೆ.

ಈಗ ಕಾಲಿನ ಕತೆ. ಹೋದ ಸಲ ಕೇಳಿದವರು ಇನ್ನೊಮ್ಮೆ ಕೇಳಿ, ನನಗೆ ಹೇಳದಿದ್ದರೆ ಸಮಾಧಾನ ಇಲ್ಲ. 19ನೇ ಶತಮಾನದ ಕೊನೆಗೆ ಜರ್ಮನಿಯಲ್ಲಿ ಹೆಂಗಸಿನ ಕಾಲಿನ ಆಕಾರದ ಕಾರ್ಕ್ ಸ್ಕ್ರೂ ಮಾಡುತ್ತಿದ್ದರು. ಬೆರಳುದ್ದ ಇರುತ್ತದೆ ಅಷ್ಟೇ. ಪಟ್ಟೆ ಪಟ್ಟೆ ಕಾಲುಚೀಲ, ಪುಟ್ಟ ಬೂಟು, ಎಲ್ಲ ಸೆಲ್ಯುಲಾಯ್ಡ್, ಅಂದರೆ ಹಳೇ ಕಾಲದ ಪ್ಲಾಸ್ಟಿಕ್. ಮಡಚಿದಾಗ ಜೋಡಿಸಿದ ಎರಡು ಕಾಲು. ಅಗಲಿಸಿದರೆ ಕಾಲುಗಳೇ ಹಿಡಿಕೆ, ನಡುವಿನಿಂದ ತಿರುಪು ಕೆಳಗಿಳಿಯುತ್ತದೆ. ಅಂಥದ್ದೊಂದು ನಮ್ಮನೆ ಶೋಕೇಸಿನಲ್ಲಿತ್ತು. ತೀರ್ಥಹಳ್ಳಿ ಕಡೆಯ ನನ್ನ ಸೋದರಮಾವ ತಿಥಿ ಊಟಕ್ಕೆ ಬಂದವರು, ಊಟ ಮುಗಿಸಿ ಕವಳದ ಬಟ್ಟಲು ಎಳೆದುಕೊಂಡು ಕೂತರು. ಅಡಕತ್ತರಿ ಬಟ್ಟಲಲ್ಲಿ ಇರಲಿಲ್ಲ. ಸುಮ್ನೆ ಆ ಕಡೆ ಈ ಕಡೆ ನೋಡಿದವರು ಎದ್ದು ಹೋಗಿ ಶೋಕೇಸಿನಿಂದ ಇದನ್ನು ಎತ್ತಿಕೊಂಡರು. "ಎಂತ ಮಾರಾಯ, ಅಡಕತ್ತರಿಗೂ ಕಾಲುಚೀಲ ಹಾಕ್ಸಿದ್ಯಲ್ಲ!" ಅಂದರು. ನಾನು ಬಾಯಿ ಬಿಡುವಷ್ಟರಲ್ಲಿ ಅಡಿಕೆ ನಡುವೆ ಇಟ್ಟು ಒತ್ತಿಯೂ ಆಯಿತು. ಅಡಿಕೆ ಚಿಮ್ಮಿ ಸೋಫಾ ಕೆಳಗೆ ಹೋಯಿತು. ತಿರುಪು ಹೊರಗೆ ಬಂತು. ಆಗ ಕನ್ನಡಕ ಏರಿಸಿ ಸರಿಯಾಗಿ ನೋಡಿದರು. ಮುಖ ಕೆಂಪಾಯಿತು. "ಶಿವಶಿವಾ" ಅಂತ ಹೆಗಲ ಟವೆಲ್ ತೆಗೆದು ಅದರ ಮೇಲೆ ಹೊದಿಸಿದರು, ಯಾಕೆಂದರೆ ಅತ್ತೆ ಒಳಗಿನಿಂದ ಬರುತ್ತಿದ್ದರು.

ಅತ್ತೆ ಬಿಡುತ್ತಾರಾ? ಟವೆಲ್ ಎತ್ತಿದರು, ತಿರುಗಿಸಿ ನೋಡಿದರು, "ಕಾಲುಚೀಲ ಚಂದ ಉಂಟು" ಅಂದರು. ಸೀದಾ ಅಡುಗೆಮನೆಗೆ ಹೋದರು. ಬೆಳಿಗ್ಗೆಯಿಂದ ಅಲ್ಲೊಂದು ಜೇನಿನ ಬಾಟಲಿ ಜಪ್ಪಯ್ಯ ಅಂದರೂ ತೆಗೆಯಲಿಕ್ಕೆ ಬರುತ್ತಿರಲಿಲ್ಲ, ತುಪ್ಪ ಗಟ್ಟಿಯಾಗಿ ಬಿರಡೆ ಕಚ್ಚಿಕೊಂಡಿತ್ತು. ಎರಡು ಕಾಲು ಹಿಡಿದು ತಿರುಗಿಸಿದರು, ಎಳೆದರು, ಟಪ್! ಮಾವ ಆಮೇಲೆ ಹೇಳಿದ್ದು ಒಂದೇ ಮಾತು: "ಅದನ್ನ ದೇವರ ಕೋಣೆಯಿಂದ ದೂರ ಇಡು."

ನೋಡಿ, ಕೆಲಸ ಮಾಡಿತಲ್ಲ! ಮಾವ ಹೇಳಿದ್ದೂ ಸರಿಯೇ, ಕಾರಣ ಮಾತ್ರ ಬೇರೆ. ಸೆಲ್ಯುಲಾಯ್ಡಿನಲ್ಲಿ ಕರ್ಪೂರ ಇರುತ್ತದೆ, ದೀಪ ತಾಗಿದರೆ ಭಗ್ ಅಂತ ಉರಿಯುತ್ತದೆ. ಅಸಲಿಯೋ ಈಗಿನ ಪ್ಲಾಸ್ಟಿಕ್ಕೋ ಅಂತ ನೋಡಲು ಹೆಬ್ಬೆರಳಿನಲ್ಲಿ ಚೆನ್ನಾಗಿ ಉಜ್ಜಿ ಮೂಸಿ, ಕರ್ಪೂರದ ವಾಸನೆ ಬರಬೇಕು. ಬೆಂಕಿ ಹಚ್ಚಿ ಪರೀಕ್ಷೆ ಮಾಡಲು ಹೋಗಬೇಡಿ, ದಯವಿಟ್ಟು. ಹಳೆಯ ಸೆಲ್ಯುಲಾಯ್ಡ್ ಕೆಡಲು ಶುರುವಾದರೆ ಆಮ್ಲದ ಆವಿ ಬಿಡುತ್ತದೆ, ಪಕ್ಕದ ಕಬ್ಬಿಣ ತುಕ್ಕು ಹಿಡಿಯುತ್ತದೆ. ನಮ್ಮ ಮಳೆಗಾಲದ ತೇವವೇ ಸಾಲದೇ? ಅದಕ್ಕೇ ಅದನ್ನು ಬೇರೆ ಡಬ್ಬಿಯಲ್ಲಿ ಇಡಿ.

ಬಿರಡೆಗೆ ಬರೋಣ. ಇಟಲಿಯ ಬೆಟ್ಟಗಳ ನಡುವೆ ವಾಲ್ ಗಾರ್ಡೆನಾ ಅಂತ ಒಂದು ಕಣಿವೆ. ಅಲ್ಲಿಯವರು ಚರ್ಚಿಗೆ ಸಂತರ ಮರದ ಮೂರ್ತಿ ಕೆತ್ತುವವರು. ಅಲ್ಲಿ 1912ರಲ್ಲಿ ಶುರುವಾದ ಆನ್ರಿ ಕಂಪನಿ ಆಮೇಲೆ ಬಾಟಲಿ ಬಿರಡೆಗಳನ್ನೂ ಮಾಡಿತು. ಕಾರ್ಕಿನ ಮೇಲೆ ಬಣ್ಣ ಹಚ್ಚಿದ ಒಬ್ಬ ಮುದುಕ, ಬೆನ್ನ ಹಿಂದೆ ಒಂದು ಸಣ್ಣ ಕಡ್ಡಿ. ಒತ್ತಿದರೆ ಟೋಪಿ ಎತ್ತಿ ನಮಸ್ಕಾರ ಮಾಡುತ್ತಾನೆ, ಬಿಟ್ಟರೆ ಟೋಪಿ ತಲೆ ಮೇಲೆ ಕೂರುತ್ತದೆ. ಬೆಳಿಗ್ಗೆಯಿಂದ ಮಕ್ಕಳು ಅವನಿಗೆ ಉಸಿರಾಡಲು ಬಿಟ್ಟಿಲ್ಲ. ಸಂತರನ್ನು ಕೆತ್ತುವ ಕೈ ಬಿರಡೆ ಕೆತ್ತಿದರೆ ಮಾನ ಹೋಗಲಿಲ್ಲ ಅಲ್ವಾ? ನಮ್ಮ ಸಾಗರ, ಸೊರಬದ ಗುಡಿಗಾರರ ಉಳಿಗೆ ಇದು ಯಾವ ಲೆಕ್ಕ? ಗಂಧವೇ ಬೇಕಂತಿಲ್ಲ, ಬೀಟೆ ಸಾಕು. ಯಕ್ಷಗಾನದ ವೇಷ ಮಾಡಿ, ಹಿಂದೆ ಕಡ್ಡಿ ಒತ್ತಿದರೆ ಕಿರೀಟ ಅಲ್ಲಾಡಬೇಕು...

ಚೀಟಿ ಬಂತು. ಐದು ನಿಮಿಷವಂತೆ. ನಾಣ್ಯದವರಿಗೆ ಒಂದು ಗಂಟೆ ಕೊಟ್ಟಿದ್ದೀರಿ ಅಧ್ಯಕ್ಷರೇ, ಇರಲಿ.

ಬೇಗ ಬೇಗ ಹೇಳುತ್ತೇನೆ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಆ ಕಾನೂನಿಗೆ ವೋಲ್‌ಸ್ಟೆಡ್ ಎಂಬ ಸಂಸದನ ಹೆಸರು ಅಂಟಿಕೊಂಡಿತು. ಜನ ಅವನದೇ ವ್ಯಂಗ್ಯಗೊಂಬೆ ಮಾಡಿ ಅದಕ್ಕೆ ತಿರುಪು ಸಿಕ್ಕಿಸಿದರು! 1994ರಲ್ಲಿ ಇಟಲಿಯ ವಿನ್ಯಾಸಗಾರ ಮೆಂಡಿನಿ ಅಲೆಸ್ಸಿ ಕಂಪನಿಗೆ ಮಾಡಿಕೊಟ್ಟ ಆನಾ ಜಿ ಕಾರ್ಕ್ ಸ್ಕ್ರೂ, ಎರಡು ಕೈ ಮೇಲೆತ್ತುವ ಹುಡುಗಿ, ಟೇಬಲ್ ಮೇಲಿದೆ, ನೋಡಿ. ಸ್ಪೇನಿನ ಬ್ರಿಯೋನೆಸ್ ಊರಿನ ವಿವಾಂಕೊ ಮ್ಯೂಸಿಯಮ್ಮಿನಲ್ಲಿ 3000ಕ್ಕೂ ಹೆಚ್ಚು ಕಾರ್ಕ್ ಸ್ಕ್ರೂ ಇವೆ, ಕೈ ತೊಳೆಯುವ ಜಾಗದ ಪಕ್ಕ ಅಲ್ಲ. ಗೋಲಿ ಸೋಡಾ ಬಾಟಲಿ 1870ರ ದಶಕದಲ್ಲಿ ಹೈರಮ್ ಕಾಡ್ ಮಾಡಿದ್ದು, ಒಳಗಿನ ಗ್ಯಾಸೇ ಗೋಲಿಯನ್ನು ರಬ್ಬರ್ ಉಂಗುರಕ್ಕೆ ಒತ್ತಿ ಹಿಡಿಯುತ್ತದೆ, ಬಿರಡೆಯೂ ಬೇಡ ತಿರುಪೂ ಬೇಡ. ಅದರ ಬಗ್ಗೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ, ಹೋಯಿತು. ಗೋಲಿ ಒತ್ತುವ ಹಳೆಯ ಮರದ ಗುಂಡಿ ನಿಮ್ಮ ಅಟ್ಟದಲ್ಲಿದ್ದರೆ ಗುಜರಿಗೆ ಹಾಕಬೇಡಿ, ನನಗೆ ಕೊಡಿ.

ಸಾಗರ, ಸೊರಬದ ಕಡೆಯವರು ಊಟದ ಸಾಲಿನಲ್ಲಿ ನನ್ನನ್ನು ಹಿಡಿಯಿರಿ. ಅಳತೆ ಬರೆದುಕೊಂಡು ಬಂದಿದ್ದೇನೆ: ವೈನ್ ಬಾಟಲಿಯ ಬಾಯಿ ಒಳಗಡೆ ಸುಮಾರು 18.5 ಮಿಲಿಮೀಟರ್, ಹಾಕುವ ಕಾರ್ಕ್ 24 ಮಿಲಿಮೀಟರ್ ದಪ್ಪ, ಹಿಸುಕಿ ತುರುಕುತ್ತಾರೆ. ಗೊಂಬೆ ಬಿರಡೆಗೆ ಅಷ್ಟು ಬಿಗಿ ಬೇಡ. ಕೆಳಗೆ ಸ್ವಲ್ಪ ಮೊನಚು ಮಾಡಿ, ಕಾರ್ಕ್ ನಾನು ತರಿಸಿಕೊಡುತ್ತೇನೆ.