ದೋಣಿ ನಿಮ್ಮ ಬಾಡಿಗೆಯದು, ತೀರ್ಮಾನ ಕ್ಯಾಪ್ಟನ್‌ನದು

ನಮಸ್ಕಾರ. ಇವತ್ತಿಗೆಂದು ಬೇರೆಯೇ ಸಂಚಿಕೆ ಸಿದ್ಧವಾಗಿತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಹಿಂದಿನ ವಿಡಿಯೋದ ಕೆಳಗೆ ಒಂದು ಕಾಮೆಂಟ್ ಬಂದಿದೆ. ಅದನ್ನು ಓದಿದಾಗಿನಿಂದ ತಲೆ ಬಿಸಿಯಾಗಿದೆ. ಇದನ್ನು ಹೇಳಿ ಮುಗಿಸದೆ ಬೇರೆ ಮಾತು ಬಾಯಿಗೆ ಬರುವುದಿಲ್ಲ.

ಕಾಮೆಂಟಿನ ಸಾರ ಇಷ್ಟು. ಗೆಳೆಯರೆಲ್ಲ ಸೇರಿ ಇಡೀ ದಿನಕ್ಕೆ ಒಂದು ಖಾಸಗಿ ಯಾಟ್, ಅಂದರೆ ವಿಹಾರದ ದೋಣಿ, ಬಾಡಿಗೆಗೆ ಪಡೆದಿದ್ದಾರೆ. ಉಷ್ಣವಲಯದ ಸಮುದ್ರ, ತಳ ಕಾಣುವಷ್ಟು ತಿಳಿನೀರು, ಒಂದೆರಡು ದ್ವೀಪ, ಮುಖವಾಡ ಮತ್ತು ಉಸಿರಾಟದ ಕೊಳವೆ ಹಾಕಿಕೊಂಡು ತೇಲುತ್ತಾ ನೀರಿನೊಳಗೆ ನೋಡುವ ಸ್ನಾರ್ಕೆಲಿಂಗ್, ಮೇಲಿನ ಡೆಕ್ಕಿನಲ್ಲಿ ಊಟ. ಮಧ್ಯಾಹ್ನ ಎರಡು ಗಂಟೆಗೆ ಕ್ಯಾಪ್ಟನ್ ಲಂಗರು ಎತ್ತಿಸಿ ದೋಣಿಯನ್ನು ದಡದ ಕಡೆಗೆ ತಿರುಗಿಸಿಬಿಟ್ಟನಂತೆ. ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತಂತೆ. ಇವರೆಲ್ಲ ಬೇಡ ಬೇಡ ಎಂದರೂ ಕೇಳಲಿಲ್ಲವಂತೆ. ಕೊನೆಗೆ ಬರೆದಿರುವುದು ಇದು: ‘ಹಣ ಕೊಟ್ಟವರು ನಾವು. ತೀರ್ಮಾನ ಮಾಡಲು ಅವನು ಯಾರು?’

ಯಾರು ಎಂದರೆ, ಕ್ಯಾಪ್ಟನ್. ಆ ದೋಣಿಯಲ್ಲಿ ತೀರ್ಮಾನ ಮಾಡುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ.

ನೀವು ಬಾಡಿಗೆಗೆ ಪಡೆದದ್ದು ದೋಣಿಯನ್ನು. ಅದರ ಡೆಕ್ಕು, ಮೆತ್ತೆ, ಐಸ್ ಪೆಟ್ಟಿಗೆ, ಸ್ನಾರ್ಕೆಲ್ ಮುಖವಾಡ ಎಲ್ಲವೂ ಆ ದಿನದ ಮಟ್ಟಿಗೆ ನಿಮ್ಮದು. ಯಾವ ಹಾಡು ಹಾಕಬೇಕು, ಯಾವಾಗ ಊಟ ಮಾಡಬೇಕು, ಯಾವ ದ್ವೀಪಕ್ಕೆ ಮೊದಲು ಹೋಗಬೇಕು ಎಂದು ಹೇಳುವ ಹಕ್ಕು ನಿಮಗಿದೆ. ಹೊರಡುವುದೋ ಬೇಡವೋ, ನಿಲ್ಲುವುದೋ ಬೇಡವೋ, ತಿರುಗುವುದು ಯಾವಾಗ ಎಂಬುದು ಕ್ಯಾಪ್ಟನ್‌ಗೆ ಸೇರಿದ್ದು. ಅದು ಬಾಡಿಗೆಗೆ ಸಿಗುವುದಿಲ್ಲ. ಎಷ್ಟು ಹಣ ಕೊಟ್ಟರೂ ಸಿಗಬಾರದು.

ಈಗ ಆ ಎರಡು ಗಂಟೆಯ ವಿಷಯಕ್ಕೆ ಬರೋಣ. ಉಷ್ಣವಲಯದಲ್ಲಿ ಬೆಳಗಿನ ಸಮುದ್ರವೇ ಬೇರೆ, ಮಧ್ಯಾಹ್ನದ ಸಮುದ್ರವೇ ಬೇರೆ. ಬೆಳಗಿನಿಂದ ಬಿಸಿಲು ನೆಲವನ್ನು ಕಾಯಿಸುತ್ತದೆ. ನೆಲ ಕಾದಂತೆ ಅದರ ಮೇಲಿನ ತೇವದ ಗಾಳಿ ಮೇಲಕ್ಕೇರಿ, ತಂಪಾಗಿ, ಮೋಡ ಕಟ್ಟುತ್ತದೆ. ಹತ್ತು ಗಂಟೆಗೆ ದ್ವೀಪದ ಮೇಲೆ ಹತ್ತಿಯ ಉಂಡೆಯಷ್ಟಿದ್ದ ಮೋಡ ಎರಡು ಗಂಟೆಗೆ ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಬೆಳೆದು, ತಲೆ ಚಪ್ಪಟೆಯಾಗಿ, ಬುಡ ಕಪ್ಪಾಗಿ ನಿಂತಿರುತ್ತದೆ. ಮಳೆ ಸುರಿಯಲು ಶುರುವಾದೊಡನೆ ಅದರೊಳಗಿನ ತಣ್ಣನೆಯ ಗಾಳಿ ಕೆಳಕ್ಕೆ ಕುಸಿದು ನೀರಿನ ಮೇಲೆ ನಾಲ್ಕೂ ದಿಕ್ಕಿಗೆ ನುಗ್ಗುತ್ತದೆ. ಐದಾರು ನಾಟ್ ಇದ್ದ ಗಾಳಿ ಕೆಲವೇ ನಿಮಿಷಗಳಲ್ಲಿ 30 ನಾಟ್ ದಾಟಬಹುದು. ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರ್. ಗಾಳಿಯ ವೇಗ ಎರಡು ಪಟ್ಟಾದರೆ ದೋಣಿಯ ಮೈಮೇಲೆ ಅದು ಹೇರುವ ಬಲ ನಾಲ್ಕು ಪಟ್ಟಾಗುತ್ತದೆ. ನಿಮ್ಮ ನೆತ್ತಿಯ ಮೇಲೆ ಬಿಸಿಲಿದೆ ಎಂದ ಮಾತ್ರಕ್ಕೆ ಇದು ಯಾವುದೂ ತಪ್ಪುವುದಿಲ್ಲ. ನೀವು ನೆತ್ತಿಯ ಮೇಲಿನ ಆಕಾಶ ನೋಡುತ್ತೀರಿ, ಕ್ಯಾಪ್ಟನ್ ದಿಗಂತ ನೋಡುತ್ತಾರೆ. ದೂರದಲ್ಲಿ ನೀರು ಕಪ್ಪಗಾಗಿ ಅದರ ಮೇಲೆ ಬಿಳಿ ನೊರೆ ಎದ್ದಿತೆಂದರೆ ಗಾಳಿ ಅಲ್ಲಿಗೆ ಆಗಲೇ ಇಳಿದಿದೆ ಎಂದು ಅವರಿಗೆ ಗೊತ್ತು.

ಮೋಡವೇ ಇಲ್ಲದ ದಿನವೂ ಹವಳದ ದಿಬ್ಬಗಳ ನಡುವೆ ದೋಣಿ ನಡೆಸುವವರು ಬೇಗ ದಡದ ಕಡೆಗೆ ಹೊರಡುತ್ತಾರೆ. ಇದು ಬಹಳ ಜನರಿಗೆ ಗೊತ್ತಿಲ್ಲ, ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಂಥ ನೀರಿನಲ್ಲಿ ನಕ್ಷೆ, ಜಿಪಿಎಸ್ ಎಲ್ಲ ಇದ್ದರೂ ಕೊನೆಗೆ ನಂಬುವುದು ಕಣ್ಣನ್ನು. ಕಡು ನೀಲಿ ಎಂದರೆ ಆಳ. ತಿಳಿ ಹಸಿರು, ಅದಕ್ಕಿಂತ ಬೆಳ್ಳಗಿದ್ದರೆ ಕೆಳಗೆ ಮರಳು, ನೀರು ಕಡಿಮೆ. ಕಂದು ಅಥವಾ ಹಳದಿ ಮಿಶ್ರಿತ ಕಂದು ಕಂಡರೆ ಹವಳ ಮೇಲ್ಮೈಗೆ ಹತ್ತಿರದಲ್ಲೇ ಇದೆ. ಈ ಬಣ್ಣಗಳು ಕಾಣಬೇಕಾದರೆ ಸೂರ್ಯ ಎತ್ತರದಲ್ಲಿರಬೇಕು, ನೋಡುವವರ ಬೆನ್ನಿಗಿರಬೇಕು. ಅದಕ್ಕಾಗಿಯೇ ಒಬ್ಬ ಸಿಬ್ಬಂದಿ ನೀರಿನ ಹೊಳಪು ತಗ್ಗಿಸುವ ಪೋಲರಾಯ್ಡ್ ಕನ್ನಡಕ ಹಾಕಿಕೊಂಡು ದೋಣಿಯ ಮೂತಿಯ ಮೇಲೆ ನಿಂತು ಕೈ ತೋರಿಸುತ್ತಿರುವುದು. ಎಡಕ್ಕೆ, ಬಲಕ್ಕೆ, ನಿಧಾನ. ಸೂರ್ಯ ಇಳಿದು ಎದುರಿಗೆ ಬಂದನೆಂದರೆ ನೀರೆಲ್ಲ ಬೆಳ್ಳಿಯ ಹಾಳೆಯಾಗಿ ಕಣ್ಣು ಕೋರೈಸುತ್ತದೆ. ಹವಳದ ಗುಡ್ಡೆ ಒಂದಡಿ ಕೆಳಗಿದ್ದರೂ ಕಾಣುವುದಿಲ್ಲ. ‘ಸೂರ್ಯಾಸ್ತ ನೋಡಿಕೊಂಡೇ ಹೊರಡೋಣ’ ಎನ್ನುತ್ತೀರಲ್ಲ, ಉಷ್ಣವಲಯದಲ್ಲಿ ಸಂಜೆಗತ್ತಲೆ ನಿಧಾನವಾಗಿ ಬರುವುದಿಲ್ಲ. ಸೂರ್ಯ ಹೆಚ್ಚು ಕಡಿಮೆ ನೇರವಾಗಿ ಕೆಳಗಿಳಿಯುವುದರಿಂದ ಅರ್ಧ ಗಂಟೆಯೊಳಗೆ ಸುತ್ತ ಕತ್ತಲಾಗಿರುತ್ತದೆ.

ಸೂರ್ಯಾಸ್ತವೇ ಬೇಕಿದ್ದರೆ ಹವಳವಿಲ್ಲದ, ಆಳವಾದ ದಾರಿಯ ಪ್ರವಾಸ ಕೇಳಿ. ಬುಕಿಂಗ್ ಮಾಡುವಾಗಲೇ ಕೇಳಿ. ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ವಿಡಿಯೋದ ಕೆಳಗೆ ವಿವರಣೆಯಲ್ಲಿ ಹಾಕಿದ್ದೇನೆ, ಬೇಕಾದವರು ಇಳಿಸಿಕೊಳ್ಳಿ. ಶ್ರಮಪಟ್ಟು ಮಾಡಿದ ಪಟ್ಟಿ ಅದು, ನಿಮ್ಮ ಗುಂಪಿನಲ್ಲಿ ಪ್ರವಾಸದ ವ್ಯವಸ್ಥೆ ಮಾಡುವವರಿಗೆ ಕಳುಹಿಸಿ. ಇನ್ನೂ ಚಂದಾದಾರರಾಗದವರು ಆಗಿ.

‘ಹಣ ಕೊಟ್ಟವರು ನಾವು’ ಎಂಬ ವಾದಕ್ಕೆ ಕಾನೂನು ಎಂದೋ ಉತ್ತರ ಕೊಟ್ಟಿದೆ. 1912ರಲ್ಲಿ ಟೈಟಾನಿಕ್ ಮುಳುಗಿದ ಮೇಲೆ ಹುಟ್ಟಿದ್ದು ಸೋಲಾಸ್ ಎಂಬ, ಸಮುದ್ರದಲ್ಲಿ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ. ಮೊದಲ ರೂಪ 1914ರದು, ಈಗ ಜಾರಿಯಲ್ಲಿರುವುದು 1974ರದು. ಸಮುದ್ರದಲ್ಲಿ ಜೀವರಕ್ಷಣೆಗೆ ಅಗತ್ಯವೆಂದು ಕ್ಯಾಪ್ಟನ್ ತೆಗೆದುಕೊಳ್ಳುವ ತೀರ್ಮಾನವನ್ನು ಹಡಗಿನ ಮಾಲೀಕರಾಗಲಿ, ಬಾಡಿಗೆಗೆ ಪಡೆದವರಾಗಲಿ, ನಡೆಸುವ ಕಂಪನಿಯಾಗಲಿ ತಡೆಯುವಂತಿಲ್ಲ ಎಂದು ಅದರ ಐದನೆಯ ಅಧ್ಯಾಯ ಹೇಳುತ್ತದೆ. ಬಾಡಿಗೆಗೆ ಪಡೆದವರು! ನಿಮ್ಮನ್ನೇ ಕರೆದು ಹೇಳಿದ್ದಾರೆ. ದಿನದ ಬಾಡಿಗೆಯ ಸಣ್ಣ ಯಾಟ್‌ಗಳಿಗೆ ಆಯಾ ದೇಶದ ನಿಯಮಗಳು ಬೇರೆ ಇರುತ್ತವೆ, ತತ್ವ ಮಾತ್ರ ಬಹುತೇಕ ಎಲ್ಲ ಕಡೆಯೂ ಇದೇ. ನೀವು ಓದದೆ ಸಹಿ ಹಾಕಿದ ಕರಾರು ಪತ್ರ ತೆಗೆದು ನೋಡಿ, ‘ಗಾಳಿ ಮತ್ತು ಹವಾಮಾನ ಅನುಮತಿಸಿದರೆ’ ಎಂಬ ಅರ್ಥದ ಸಾಲು ಬಹುತೇಕ ಇದ್ದೇ ಇರುತ್ತದೆ.

ಕ್ಯಾಪ್ಟನ್ ‘ಬೇಡ’ ಎನ್ನದೆ ಹೋದ ದಿನ ಏನಾಗುತ್ತದೆ? 2018ರ ಜುಲೈ 5, ಥಾಯ್ಲೆಂಡಿನ ಫುಕೆಟ್. ಕೆಟ್ಟ ಹವಾಮಾನದ ಎಚ್ಚರಿಕೆ ಹೊರಬಿದ್ದಿತ್ತು. ಫೀನಿಕ್ಸ್ ಎಂಬ ಪ್ರವಾಸಿ ದೋಣಿ ಆದರೂ ಹೊರಟಿತು. ಹಿಂತಿರುಗುವಾಗ ಬಿರುಗಾಳಿಗೆ ಸಿಕ್ಕಿ ಮಗುಚಿತು. ಸತ್ತವರು 47 ಜನ, ಎಲ್ಲರೂ ಚೀನಾದಿಂದ ರಜೆಗೆ ಬಂದಿದ್ದವರು, ಮಕ್ಕಳೂ ಇದ್ದರು. ಅವರೂ ಹಣ ಕೊಟ್ಟಿದ್ದರು. ಆ ದಿನ ಯಾರಾದರೂ ‘ಇವತ್ತು ಹೋಗುವುದು ಬೇಡ’ ಎಂದು ಗಟ್ಟಿಯಾಗಿ ನಿಂತಿದ್ದರೆ ಏನಾಗುತ್ತಿತ್ತು? ಬೈಗುಳ ತಿನ್ನುತ್ತಿದ್ದರು. ಅಷ್ಟೇ. ಬೈದವರು ಮನೆ ಸೇರುತ್ತಿದ್ದರು.

ಹೀಗೆ ಹೇಳಿದ ಕೂಡಲೇ ಕೆಲವರು ಮೊಬೈಲ್ ಎತ್ತಿ ಹಿಡಿಯುತ್ತಾರೆ. ‘ಆ್ಯಪ್‌ನಲ್ಲಿ ಬಿಸಿಲು ಎಂದೇ ತೋರಿಸುತ್ತಿತ್ತು.’ ನಿಮ್ಮ ಆ್ಯಪ್ ಲೆಕ್ಕ ಹಾಕುವುದು ಹಲವು ಕಿಲೋಮೀಟರ್ ಅಗಲದ ಚೌಕಗಳಲ್ಲಿ. ಒಂದು ಗುಡುಗು ಮೋಡ ಅಂಥ ಒಂದು ಚೌಕದೊಳಗೇ ಹುಟ್ಟಿ ಸುರಿದು ಮುಗಿದು ಹೋಗಬಹುದು. ಅದೇ ನೀರಿನಲ್ಲಿ ದಿನವೂ ಓಡಾಡುವವರ ಮಾತಿಗಿಂತ ಅಂಗೈಯಲ್ಲಿರುವ ಹಳದಿ ಚಿತ್ರವೇ ದೊಡ್ಡದು ಎನ್ನುವವರ ಜೊತೆ ವಾದಕ್ಕಿಳಿಯುವ ತಾಳ್ಮೆ ನನಗಿಲ್ಲ. ಇನ್ನೊಂದು ಗುಂಪು ಇದೆ, ‘ಡೀಸೆಲ್ ಉಳಿಸಲು ಬೇಗ ತಿರುಗುತ್ತಾರೆ’ ಎನ್ನುವವರದು. ಸ್ವಾಮಿ, ಹೋದ ದೂರ ಎಷ್ಟೋ ಬರುವ ದೂರವೂ ಅಷ್ಟೇ. ಎರಡು ಗಂಟೆಗೆ ಹೊರಟರೂ ಐದಕ್ಕೆ ಹೊರಟರೂ ಎಂಜಿನ್ ಓಡಬೇಕಾದ ದಾರಿ ಒಂದೇ. ಲಂಗರು ಹಾಕಿ ನಿಂತ ದೋಣಿ ಎಷ್ಟು ಡೀಸೆಲ್ ಕುಡಿದೀತು? ಬಾಯಿಗೆ ಬಂದದ್ದನ್ನು ಬರೆಯುವ ಮೊದಲು ಇಷ್ಟಾದರೂ ಯೋಚಿಸಬೇಡವೇ?

ಕಳೆದುಕೊಂಡ ಗಂಟೆಗಳಿಗೆ ಹಣ ವಾಪಸ್ ಕೇಳುತ್ತೀರಾ, ಕೇಳಿ. ಅದು ಬಾಡಿಗೆ ಕೊಟ್ಟ ಕಂಪನಿಯೊಂದಿಗೆ, ದಡದ ಮೇಲೆ, ಕರಾರು ಪತ್ರ ಮುಂದಿಟ್ಟುಕೊಂಡು ಆಡಬೇಕಾದ ಜಗಳ. ಅಲ್ಲಿ ನಾನೂ ನಿಮ್ಮ ಪಕ್ಷ. ಚುಕ್ಕಾಣಿ ಹಿಡಿದವರ ಕಿವಿಯ ಹತ್ತಿರ ನಿಂತು ಆಡುವ ಜಗಳ ಅಲ್ಲ ಅದು.

ಕ್ಯಾಪ್ಟನ್ ‘ಇಲ್ಲ’ ಎನ್ನುವುದು ಗಾಳಿಮಳೆಗೆ ಮಾತ್ರವೂ ಅಲ್ಲ. ‘ಇಲ್ಲೇ ಲಂಗರು ಹಾಕಿ, ಫೋಟೋ ಚೆನ್ನಾಗಿ ಬರುತ್ತದೆ’ ಎನ್ನುತ್ತಾರೆ. ಕೆಳಗೆ ಹವಳ ಇರುತ್ತದೆ. ಲಂಗರು ಹಿಡಿದು ನಿಲ್ಲಬೇಕಾದರೆ ನೀರಿನ ಆಳದ ಐದು ಪಟ್ಟಾದರೂ ಸರಪಳಿ ಬಿಡಬೇಕು. ಹತ್ತು ಮೀಟರ್ ಆಳಕ್ಕೆ ಐವತ್ತು ಮೀಟರ್. ಗಾಳಿ ದಿಕ್ಕು ಬದಲಿಸಿದಂತೆ ದೋಣಿ ಸುತ್ತುತ್ತದೆ, ಆ ಸರಪಳಿ ತಳವನ್ನು ಗುಡಿಸುತ್ತಾ ಹೋಗುತ್ತದೆ. ಗುಂಡುಕಲ್ಲಿನ ಆಕಾರದ ಹವಳ ವರ್ಷಕ್ಕೆ ಬೆಳೆಯುವುದು ಸುಮಾರು ಒಂದು ಸೆಂಟಿಮೀಟರ್. ನಿಮ್ಮ ಊಟ ಮುಗಿಯುವಷ್ಟರಲ್ಲಿ ದಶಕಗಳ ಬೆಳವಣಿಗೆ ಪುಡಿಯಾಗಿರುತ್ತದೆ. ಥಾಯ್ಲೆಂಡಿನ ಮಾಯಾ ಕೊಲ್ಲಿಯನ್ನು 2018ರಲ್ಲಿ ಮುಚ್ಚಿ 2022ರವರೆಗೆ ಪ್ರವಾಸಿಗರನ್ನು ಬಿಡದೆ ಇದ್ದದ್ದು ಏಕೆ? ದೋಣಿಗಳೂ ಜನರೂ ಸೇರಿ ಅಲ್ಲಿನ ಹವಳವನ್ನು ಹಾಳುಗೆಡವಿದ್ದರಿಂದ. ಈಗಲೂ ದೋಣಿಗಳು ಕೊಲ್ಲಿಯೊಳಗೆ ಬರುವಂತಿಲ್ಲ, ದ್ವೀಪದ ಹಿಂಭಾಗದಲ್ಲಿ ಇಳಿದು ನಡೆದು ಬರಬೇಕು. ಅಲ್ಲಿಯೂ ಕ್ಯಾಪ್ಟನ್ ಮೇಲೆ ರೇಗುವವರಿದ್ದಾರೆ!

‘ಇನ್ನೊಬ್ಬರು ಬರುತ್ತಾರೆ, ಚಿಕ್ಕ ಮಗು ತಾನೇ’ ಎನ್ನುವವರಿಗೂ ಇದೇ ಉತ್ತರ. ದೋಣಿಯ ಪ್ರಮಾಣಪತ್ರದಲ್ಲಿ 12 ಎಂದಿದ್ದರೆ 12. ಕ್ಯಾಪ್ಟನ್ ‘ಆಗುವುದಿಲ್ಲ’ ಎಂದರೆ ಆಗುವುದಿಲ್ಲ. ಡಾಲ್ಫಿನ್ ಕಂಡಿತೆಂದು ಎಲ್ಲರೂ ಮೇಲಿನ ಡೆಕ್ಕಿಗೆ ಹತ್ತಿ ಒಂದೇ ಬದಿಗೆ ಓಡುವಾಗ ‘ಕೆಳಗಿಳಿಯಿರಿ’ ಎಂದರೆ ಇಳಿಯಿರಿ. ಭಾರ ಮೇಲೇರಿದಷ್ಟೂ ದೋಣಿ ತೂಗಾಡುವುದು ಹೆಚ್ಚು. ಎರಡು ಒಡಲಿನ ಕ್ಯಾಟಮರಾನ್ ದೋಣಿ ಅಗಲವಾಗಿದೆ, ಅಲುಗಾಡುವುದಿಲ್ಲ ಎಂಬ ಧೈರ್ಯ ಬೇಡ. ಒಮ್ಮೆ ಮಗುಚಿದರೆ ಅದು ತಾನಾಗಿ ಎದ್ದು ನಿಲ್ಲುವುದಿಲ್ಲ.

ತಲೆ ಎಣಿಸುವಾಗ ಗೊಣಗುತ್ತೀರಲ್ಲ, ಅದೂ ನನಗೆ ಅರ್ಥವಾಗುವುದಿಲ್ಲ. 1998ರ ಜನವರಿಯಲ್ಲಿ ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ಗೆ ಹೋದ ಒಂದು ಡೈವಿಂಗ್ ದೋಣಿ ಅಮೆರಿಕದ ದಂಪತಿಯನ್ನು ನೀರಿನಲ್ಲೇ ಬಿಟ್ಟು ದಡ ಸೇರಿತು. ಲೆಕ್ಕ ತಪ್ಪಿತ್ತು. ಅವರ ಚೀಲ ದೋಣಿಯಲ್ಲೇ ಉಳಿದಿದೆ ಎಂದು ಗಮನಕ್ಕೆ ಬಂದದ್ದು ಎರಡು ದಿನಗಳ ನಂತರ. ಆ ಇಬ್ಬರೂ ಮತ್ತೆ ಸಿಗಲಿಲ್ಲ. ಅಲ್ಲಿಂದಾಚೆ ನೀರಿನಿಂದ ಮೇಲೆ ಬಂದವರನ್ನು ಒಂದಲ್ಲ ಎರಡು ಬಾರಿ ಎಣಿಸುವ ಕ್ಯಾಪ್ಟನ್ ಸಿಕ್ಕರೆ ಕೈ ಮುಗಿಯಬೇಕು. ‘ಎಲ್ಲರೂ ಇದ್ದೇವೆ, ಹೊರಡಿ’ ಎಂದು ಕೂಗುವುದಲ್ಲ.

‘ಎಲ್ಲ ಕ್ಯಾಪ್ಟನ್‌ಗಳೂ ಅಷ್ಟು ಒಳ್ಳೆಯವರೇ? ಕುಡಿದು ಬಂದವರೂ ಇರುತ್ತಾರೆ’ ಎಂದು ಒಬ್ಬರು ಕೇಳಿದ್ದಾರೆ. ಕುಡಿದಿದ್ದರೆ ಹತ್ತಬೇಡಿ. ಲೈಫ್ ಜಾಕೆಟ್ ಎಲ್ಲಿದೆ ಎಂದು ತೋರಿಸದಿದ್ದರೆ ಹತ್ತಬೇಡಿ. ಪರವಾನಗಿ ಕೇಳಿದಾಗ ಮುಖ ತಿರುಗಿಸಿದರೆ ಹತ್ತಬೇಡಿ. ನಿಮ್ಮ ಕೈಯಲ್ಲಿರುವ ದೊಡ್ಡ ತೀರ್ಮಾನ ಅದು, ಅದನ್ನು ದಡದಲ್ಲೇ ಮಾಡಿ. ಹತ್ತಿದ ಮೇಲೆ ಮುಗಿಯಿತು. ಗಾಳಿ ಬಂದಾಗ ತೂರಿಕೋ ಎಂಬ ಗಾದೆ ಕಣಕ್ಕೆ ಸರಿ, ಸಮುದ್ರದಲ್ಲಿ ಗಾಳಿ ಬಂದರೆ ತಿರುಗಿಕೋ!

ಇನ್ನು ಯಾರಾದರೂ ‘ಆದರೂ ನಮ್ಮ ದಿನ ಹಾಳಾಯಿತಲ್ಲ’ ಎಂದರೆ ನನ್ನ ಬಳಿ ಹೊಸ ಉತ್ತರವಿಲ್ಲ. ತೀರ್ಮಾನ ಕ್ಯಾಪ್ಟನ್‌ನದು. ಹುಟ್ಟುಹಬ್ಬ ಇದ್ದರೂ ಕ್ಯಾಪ್ಟನ್‌ನದು, ಮದುವೆಯ ಫೋಟೋ ಇದ್ದರೂ ಕ್ಯಾಪ್ಟನ್‌ನದು. ನೀವು ದೋಣಿ ಕಂಪನಿಯ ಮಾಲೀಕರ ಆಪ್ತ ಗೆಳೆಯರಾಗಿರಿ, ಮಾಲೀಕರೇ ಆಗಿರಿ, ನೀರಿನ ಮೇಲೆ ಕ್ಯಾಪ್ಟನ್‌ನದು. ನಾನು ಮಾಡುವ ಯಾಟ್ ಸಂಚಿಕೆಗಳಲ್ಲೆಲ್ಲ ಇದನ್ನು ಹೇಳುತ್ತಲೇ ಇರುತ್ತೇನೆ, ಬೇಸರವಾದವರು ಮುಂದಕ್ಕೆ ಓಡಿಸಿಕೊಂಡು ನೋಡಿ. ಒಳ್ಳೆಯ ಕ್ಯಾಪ್ಟನ್ ಸಿಕ್ಕಿದ್ದರೆ ಅವರ ಬಗ್ಗೆ ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ.

ಮುಂದಿನ ಬಾರಿ ಕ್ಯಾಪ್ಟನ್ ಇಲ್ಲದೆ ಬರೀ ದೋಣಿಯನ್ನು ಬಾಡಿಗೆಗೆ ಪಡೆಯುವುದರ ಬಗ್ಗೆ ಮಾತನಾಡುತ್ತೇನೆ. ಅಲ್ಲಿ ಚುಕ್ಕಾಣಿಯೂ ನಿಮ್ಮದೇ, ಹೊಣೆಯೂ ನಿಮ್ಮದೇ. ಆ ಸಂಚಿಕೆ ಉದ್ದವಾಗಿರುತ್ತದೆ, ಸಮಯ ಮಾಡಿಕೊಂಡು ಕೇಳಿ. ನಮಸ್ಕಾರ.